ಊರು ಮತ್ತು ಪೊಲೀಸರು ಸೇರಿ ಕಳ್ಳತನ ತಡೆಯುವುದು ಹೇಗೆ?

ಹಳ್ಳಿಗಾಡಿನಲ್ಲಿ ಕಳ್ಳರಿಗೆ ಅನುಕೂಲ ಜಾಸ್ತಿ. ಮನೆಗಳು ದೂರ ದೂರ ಇರುತ್ತವೆ. ಪಂಪು, ಕೇಬಲ್, ಟ್ರ್ಯಾಕ್ಟರ್ ರಾತ್ರಿಯಿಡೀ ಹೊಲದಲ್ಲೇ ಉಳಿಯುತ್ತವೆ. ಪೊಲೀಸ್ ಠಾಣೆ ಹತ್ತಿರದಲ್ಲಿ ಇರುವುದಿಲ್ಲ. ಹಾಗಾಗಿ ಕಳ್ಳತನ ಆದಮೇಲೆ ಓಡಿ ಬರುವ ಪೊಲೀಸರಷ್ಟೇ ಸಾಲದು, ಮೊದಲಿನಿಂದಲೇ ಊರಿನ ಪರಿಚಯ ಇರುವ ಪೊಲೀಸರು ಬೇಕು. ಆ ಕೆಲಸವನ್ನು ಊರಿನವರೇ ಶುರು ಮಾಡಬಹುದು. ಬ್ರಿಟನ್ನಿನಲ್ಲಿ ನೆರೆಹೊರೆ ಕಾವಲು, ಅಂದರೆ ಅಕ್ಕಪಕ್ಕದವರೇ ಸೇರಿ ಊರಿನ ಮೇಲೆ ಕಣ್ಣಿಡುವ ವ್ಯವಸ್ಥೆ, ಮೊದಲು ಶುರುವಾಗಿದ್ದೂ ಒಂದು ಹಳ್ಳಿಯಲ್ಲೇ, 1982ರಲ್ಲಿ, ಮಾಲಿಂಗ್ಟನ್‌ನಲ್ಲಿ.

ಮೊದಲು ಪಟ್ಟಿ ಮಾಡಿ

ಕಳೆದ ಒಂದು ವರ್ಷದಲ್ಲಿ ಏನು ಹೋಯಿತು, ಎಲ್ಲಿಂದ, ಯಾವ ವಾರ, ಎಷ್ಟು ಹೊತ್ತಿಗೆ, ಕಳ್ಳರು ಯಾವ ದಾರಿಯಲ್ಲಿ ಬಂದರು ಎಂದು ಬರೆಯಿರಿ. ದೂರು ಕೊಡದೆ ಬಿಟ್ಟಿದ್ದನ್ನೂ ಸೇರಿಸಿ. ‘ಹೋಗಿದ್ದು ಒಂದು ಕ್ಯಾನ್ ಡೀಸೆಲ್ ಅಲ್ವಾ’ ಎಂದು ಸುಮ್ಮನಾಗುವುದೇ ದೊಡ್ಡ ತೊಂದರೆ. ದಾಖಲಾಗದ ಕಳ್ಳತನ ಠಾಣೆಯ ಲೆಕ್ಕಕ್ಕೆ ಸಿಗುವುದಿಲ್ಲ, ಆ ದಾರಿಗೆ ಗಸ್ತೂ ಬರುವುದಿಲ್ಲ. ಪಟ್ಟಿಯನ್ನು ಊರಿನ ನಕ್ಷೆಯ ಮೇಲೆ ಗುರುತು ಹಾಕಿ ನೋಡಿ. ಹೆಚ್ಚಿನವು ಒಂದೇ ರಸ್ತೆಯಲ್ಲಿ, ಒಂದೇ ಹೊತ್ತಿನಲ್ಲಿ ಆಗಿರಬಹುದು. ಒಂದೊಂದೇ ಘಟನೆಯ ಹಿಂದೆ ಓಡುವ ಬದಲು ಅವುಗಳ ಹಿಂದಿನ ಸಮಸ್ಯೆಯನ್ನು ಹಿಡಿಯಬೇಕು ಎಂದು ಪೊಲೀಸ್ ಕೆಲಸದ ಬಗ್ಗೆ ಅಧ್ಯಯನ ಮಾಡಿದ ಅಮೆರಿಕದ ಪ್ರಾಧ್ಯಾಪಕ ಹರ್ಮನ್ ಗೋಲ್ಡ್‌ಸ್ಟೀನ್ 1979ರಲ್ಲೇ ಬರೆದಿದ್ದರು.

ಒಮ್ಮೆ ಕಳ್ಳತನವಾದ ಮನೆಯನ್ನು ಕಾಯಿರಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಕಳ್ಳತನವಾದ ಜಾಗದಲ್ಲಿ ಮತ್ತೆ ಕಳ್ಳತನವಾಗುವ ಸಂಭವ ಹೆಚ್ಚು, ಅದರಲ್ಲೂ ಮೊದಲ ಕೆಲವು ವಾರಗಳಲ್ಲಿ. ಒಳಗೆ ಹೋಗುವ ದಾರಿ ಕಳ್ಳರಿಗೆ ಆಗಲೇ ಗೊತ್ತಿರುತ್ತದೆ. ಇಂಗ್ಲೆಂಡಿನ ಕಿರ್ಕ್‌ಹೋಲ್ಟ್ ಎಂಬ ಬಡಾವಣೆಯಲ್ಲಿ 1980ರ ದಶಕದಲ್ಲಿ ಇದನ್ನೇ ಹಿಡಿದು ಕೆಲಸ ಮಾಡಿದರು. ಕಳ್ಳತನವಾದ ಮನೆಯ ಬೀಗ, ಬಾಗಿಲು ಭದ್ರ ಮಾಡಿದರು. ಸುತ್ತಲಿನ ಆರೇಳು ಮನೆಯವರು ಆ ಮನೆಯ ಮೇಲೆ ಕಣ್ಣಿಟ್ಟರು. ಅಲ್ಲಿ ಮನೆಗಳ್ಳತನ ತುಂಬಾ ಇಳಿಯಿತು. ಇಡೀ ಊರನ್ನು ರಾತ್ರಿಯೆಲ್ಲ ಕಾಯಲು ಯಾರಿಂದಲೂ ಆಗದು. ಒಂದು ಮನೆಯನ್ನು ಆರು ವಾರ ನೋಡಿಕೊಳ್ಳುವುದು ಯಾರಿಗೂ ಕಷ್ಟವಲ್ಲ. ನೊಂದವರಿಗೂ ಅದರಿಂದ ಧೈರ್ಯ ಬರುತ್ತದೆ.

ಒಬ್ಬ ಪೊಲೀಸರನ್ನು ಹೆಸರಿನಿಂದ ಬಲ್ಲವರಾಗಿ

ನಿಮ್ಮ ಊರಿನ ಗಸ್ತು ಯಾರದ್ದು ಎಂದು ಠಾಣೆಯಲ್ಲಿ ಕೇಳಿ. ಅವರನ್ನು ತಿಂಗಳಿಗೊಮ್ಮೆ ಊರಿಗೆ ಕರೆಯಿರಿ, ಪಟ್ಟಿ ಮುಂದಿಡಿ. ಎರಡು ಕೆಲಸಗಳನ್ನಷ್ಟೇ ಒಪ್ಪಿಕೊಳ್ಳಿ, ಒಂದು ಅವರದ್ದು, ಒಂದು ನಿಮ್ಮದು. ಸಭೆಗೆ ಹೆಂಗಸರು, ಕೂಲಿಯವರು, ಊರ ಅಂಚಿನಲ್ಲಿ ಇರುವವರು ಬರಲೇಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಓಡಾಡುವ ವಾಹನ ಮೊದಲು ಕಾಣುವುದು ಅವರಿಗೇ.

ವಸ್ತುಗಳಿಗೆ ಗುರುತು ಹಾಕಿ

ಯಂತ್ರಗಳ ಸೀರಿಯಲ್ ನಂಬರ್ ಬರೆದಿಡಿ, ಫೋಟೊ ತೆಗೆಯಿರಿ. ಕದ್ದ ಮಾಲು ಸಿಕ್ಕಾಗ ಅದು ನಿಮ್ಮದೇ ಎಂದು ತೋರಿಸಲು ಇದು ಬೇಕು. ಟ್ರ್ಯಾಕ್ಟರ್‌ನಲ್ಲಿ ಕೀ ಬಿಡಬೇಡಿ. ಗೇಟಿನ ಕೀಲುಗಳಲ್ಲಿ ಮೇಲ್ಗಡೆಯದನ್ನು ತಲೆಕೆಳಗಾಗಿ ಕೂರಿಸಿದರೆ ಗೇಟನ್ನು ಎತ್ತಿ ತೆಗೆಯಲು ಬರುವುದಿಲ್ಲ.

ನೋಡಿ, ಬರೆಯಿರಿ, ಬೆನ್ನಟ್ಟಬೇಡಿ

ವಾಹನದ ನಂಬರ್, ಬಣ್ಣ, ಸಮಯ, ಹೋದ ದಿಕ್ಕು, ಇಷ್ಟು ಸಾಕು. ಕಳ್ಳತನ ನಡೆಯುತ್ತಿದ್ದರೆ ತುರ್ತು ಸಂಖ್ಯೆಗೆ ಕರೆ ಮಾಡಿ, ನೀವೇ ತಡೆಯಲು ಹೋಗಬೇಡಿ. ಅನುಮಾನ ಬರಬೇಕಾದದ್ದು ನಡವಳಿಕೆಯ ಮೇಲೆ. ಮುಖ, ಬಟ್ಟೆ, ಭಾಷೆ ನೋಡಿ ಅನುಮಾನಿಸುವುದು ಅನ್ಯಾಯ, ಅಪಾಯವೂ ಹೌದು. ಮಕ್ಕಳ ಕಳ್ಳರ ಸುಳ್ಳು ಸುದ್ದಿ ನಂಬಿ 2018ರಲ್ಲಿ ಭಾರತದ ಹಲವೆಡೆ ಗುಂಪುಗಳು ಅಮಾಯಕರನ್ನು ಹೊಡೆದು ಕೊಂದವು. ಆದ್ದರಿಂದ ವಾಟ್ಸಾಪ್ ಗುಂಪಿಗೆ ಒಂದು ಕಟ್ಟುನಿಟ್ಟಿನ ನಿಯಮ ಇರಲಿ: ಖಚಿತವಾಗದ ಸುದ್ದಿ, ಯಾರದ್ದೇ ಫೋಟೊ ಹಾಕುವಂತಿಲ್ಲ. ಮಾಹಿತಿ ನೇರವಾಗಿ ಪೊಲೀಸರಿಗೆ ಹೋಗಲಿ.

ಮೂರು ತಿಂಗಳಿಗೊಮ್ಮೆ ಹಳೆಯ ಪಟ್ಟಿಯ ಜೊತೆ ಹೊಸದನ್ನು ಹೋಲಿಸಿ. ಕಳ್ಳತನ ಕಡಿಮೆಯಾಗಿದೆಯೋ, ಪಕ್ಕದ ಊರಿಗೆ ಜರುಗಿದೆಯೋ ನೋಡಿ. ಜರುಗಿದ್ದರೆ ಆ ಊರಿನವರನ್ನೂ ಸಭೆಗೆ ಕರೆಯಿರಿ. ಪೊಲೀಸರಿಗೆ ವರ್ಗಾವಣೆ ಆಗುತ್ತಲೇ ಇರುತ್ತದೆ. ಪಟ್ಟಿಯ ಒಂದು ಪ್ರತಿ ಊರಲ್ಲೇ ಇರಲಿ, ಹೊಸಬರು ಬಂದ ವಾರವೇ ಅವರ ಕೈಗೆ ಕೊಡಿ.