ಜನಾಭಿಪ್ರಾಯ ಸಮೀಕ್ಷೆಗೆ ಮನೆ ಮನೆಗೆ ಹೋಗುವವರಿಗೆ

ಸಮೀಕ್ಷಕರ ಕೆಲಸದಲ್ಲಿ ಪ್ರಶ್ನೆಗಿಂತ ಮೊದಲು ಬರುವುದು, ಯಾರನ್ನು ಕೇಳಬೇಕು ಎಂಬ ವಿಚಾರ. 1936ರಲ್ಲಿ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆಯು ಅಧ್ಯಕ್ಷೀಯ ಚುನಾವಣೆಗೆ ಮುನ್ನ ಸುಮಾರು 1 ಕೋಟಿ ಜನರಿಗೆ ಮಾದರಿ ಮತಪತ್ರಗಳನ್ನು ಅಂಚೆಯಲ್ಲಿ ಕಳುಹಿಸಿ, ಮರಳಿ ಬಂದ 20 ಲಕ್ಷಕ್ಕೂ ಹೆಚ್ಚು ಉತ್ತರಗಳನ್ನು ಎಣಿಸಿ, ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. ಗೆದ್ದವರು ರೂಸ್‌ವೆಲ್ಟ್; ಅದೂ 48 ರಾಜ್ಯಗಳ ಪೈಕಿ 46ರಲ್ಲಿ. ದೂರವಾಣಿ ಮತ್ತು ಕಾರು ಇದ್ದವರ ಪಟ್ಟಿಗಳನ್ನು ಬಹುವಾಗಿ ನೆಚ್ಚಿಕೊಂಡಿದ್ದರಿಂದ ಬಡವರ ದನಿ ಕ್ಷೀಣಿಸಿತ್ತು, ಉತ್ತರ ಬರೆದು ಕಳುಹಿಸುವ ಉಮೇದು ಕೂಡ ಎಲ್ಲರಲ್ಲೂ ಒಂದೇ ತೆರನಾಗಿರಲಿಲ್ಲ. ಯಾದೃಚ್ಛಿಕವಾಗಿ, ಅಂದರೆ ಚೀಟಿ ಎತ್ತಿದಂತೆ, ಆಯ್ದ 1,000 ಜನರಿಂದ ಶೇ 3ರಷ್ಟು ಹೆಚ್ಚುಕಡಿಮೆಯ ಅಂದಾಜು ಸಿಗುತ್ತದೆ ಎಂಬ ಲೆಕ್ಕವು ಆಯ್ಕೆಯ ನಿಯಮವನ್ನು ಕೊನೆಯ ಮನೆಯವರೆಗೂ ಪಾಲಿಸಿದಾಗ ಮಾತ್ರ ನಿಲ್ಲುತ್ತದೆ.

ಆದ್ದರಿಂದ ಪಟ್ಟಿಯಲ್ಲಿರುವ ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಯ ಬಾಗಿಲು ತಟ್ಟಬೇಡಿ. ಸಂಜೆಯೋ ರಜೆಯ ದಿನವೋ ಮತ್ತೆ ಬನ್ನಿ. ಹಗಲಿನಲ್ಲಿ ಮನೆಯಲ್ಲಿ ಸಿಗುವವರ ಮತ್ತು ದುಡಿಯಲು ಹೋದವರ ಅಭಿಪ್ರಾಯಗಳು ಒಂದೇ ಆಗಿರಬೇಕಿಲ್ಲ. ಮನೆಯೊಳಗೂ ಇದೇ ನಿಯಮ ಅನ್ವಯಿಸುತ್ತದೆ: ಬಾಗಿಲು ತೆರೆದವರೇ ಉತ್ತರದಾತರಲ್ಲ. ವಯಸ್ಕ ಸದಸ್ಯರನ್ನು ಪಟ್ಟಿ ಮಾಡಿ, ಎಷ್ಟು ಜನರಿದ್ದರೆ ಎಷ್ಟನೆಯವರನ್ನು ಕೇಳಬೇಕು ಎಂದು ಮೊದಲೇ ಗೊತ್ತುಮಾಡಿರುವ ಕಿಶ್ ಕೋಷ್ಟಕದಿಂದ ಒಬ್ಬರನ್ನು ಆರಿಸಬಹುದು, ಇಲ್ಲವೇ ಮುಂದಿನ ಹುಟ್ಟುಹಬ್ಬ ಯಾರದು ಎಂದು ಕೇಳಬಹುದು. ಎರಡನೆಯದು ಸುಲಭವಾದರೂ, ಮಾತನಾಡಲು ಉತ್ಸಾಹವಿರುವವರು ತಮ್ಮದೇ ಹುಟ್ಟುಹಬ್ಬ ಹತ್ತಿರವಿದೆ ಎಂದುಬಿಡುವುದುಂಟು.

ಪರಿಚಯವನ್ನು ಚುಟುಕಾಗಿ ಮುಗಿಸಿ: ಯಾರ ಪರವಾಗಿ ಬಂದಿದ್ದೀರಿ, ಎಷ್ಟು ಹೊತ್ತು ಹಿಡಿಯುತ್ತದೆ, ಹೆಸರನ್ನು ಗೋಪ್ಯವಾಗಿಡಲಾಗುತ್ತದೆ, ಬೇಡವೆನ್ನುವ ಹಕ್ಕು ಅವರಿಗಿದೆ.

ಪ್ರಶ್ನೆಗಳನ್ನು ಅಚ್ಚಾಗಿರುವಂತೆಯೇ, ಕೊಟ್ಟ ಕ್ರಮದಲ್ಲಿಯೇ ಓದಿ. ‘ನಿಷೇಧಿಸಬೇಕೇ?’ ಎಂಬುದಕ್ಕೂ ‘ಅವಕಾಶ ಕೊಡಬಾರದೇ?’ ಎಂಬುದಕ್ಕೂ ಅರ್ಥದಲ್ಲಿ ವ್ಯತ್ಯಾಸವಿಲ್ಲವೆಂದು ನಿಮಗನಿಸಬಹುದು. ಆದರೆ ‘ನಿಷೇಧಿಸಿ’ ಎನ್ನಲು ಹಿಂಜರಿಯುವ ಅನೇಕರು ‘ಅವಕಾಶ ಬೇಡ’ ಎಂದು ಸಲೀಸಾಗಿ ಹೇಳುತ್ತಾರೆ ಎಂಬುದನ್ನು 1940ರ ದಶಕದಿಂದಲೇ ಪ್ರಯೋಗಗಳು ತೋರಿಸಿವೆ.

ಹೊಸಬರು ಎಡವುವುದು ಹೆಚ್ಚಾಗಿ ‘ಪರವಾಗಿಲ್ಲ’ ಎಂಬ ಉತ್ತರದಲ್ಲಿ. ಆಡಳಿತ ಹೇಗಿದೆ ಎಂದು ಕೇಳಿದಾಗ ಉತ್ತರದಾತರು ಒಂದು ಕ್ಷಣ ಸುಮ್ಮನಿದ್ದು, ತಲೆಯನ್ನು ಅತ್ತಿತ್ತ ಆಡಿಸಿ, ‘ಏನೋ, ಪರವಾಗಿಲ್ಲ’ ಎನ್ನುತ್ತಾರೆ. ಇದು ಮೆಚ್ಚುಗೆಯೂ ಆಗಿರಬಹುದು, ಬೇಸರವನ್ನು ಮುಚ್ಚಿಟ್ಟ ಸೌಜನ್ಯವೂ ಆಗಿರಬಹುದು. ‘ಅಂದರೆ ಚೆನ್ನಾಗಿದೆ ಅಂತಲೇ?’ ಎಂದು ನೀವು ಕೇಳಿದರೆ ಅವರು ಹೌದೆನ್ನುತ್ತಾರೆ. ಆ ಹೌದು ನಿಮ್ಮದೇ ಹೊರತು ಅವರದಲ್ಲ. ‘ತುಂಬಾ ಚೆನ್ನಾಗಿದೆ, ಚೆನ್ನಾಗಿದೆ, ಚೆನ್ನಾಗಿಲ್ಲ, ಏನೂ ಚೆನ್ನಾಗಿಲ್ಲ; ಇವುಗಳಲ್ಲಿ ಯಾವುದು ನಿಮ್ಮ ಅಭಿಪ್ರಾಯಕ್ಕೆ ಹತ್ತಿರ?’ ಎಂದು ಆಯ್ಕೆಗಳನ್ನೆಲ್ಲ ಒಂದೇ ದನಿಯಲ್ಲಿ ಮತ್ತೆ ಓದಿ, ಕಾಯಿರಿ. ಆ ಮೌನ ಮುಜುಗರ ತರುತ್ತದೆ, ಆದರೂ ಅದನ್ನು ತುಂಬಲು ಹೋಗಬೇಡಿ. ಆಯ್ಕೆಗಳು ಉದ್ದವಾಗಿದ್ದರೆ ಕಾರ್ಡಿನಲ್ಲಿ ತೋರಿಸಿ. ಕಿವಿಯಲ್ಲಿ ಮಾತ್ರ ಕೇಳಿದವರು ಕೊನೆಯದನ್ನೇ ಹಿಡಿದುಕೊಳ್ಳುವ ಸಂಭವ ಹೆಚ್ಚು. ಆಗಲೂ ‘ಗೊತ್ತಿಲ್ಲ’ ಎಂದರೆ ಹಾಗೆಯೇ ಗುರುತಿಸಿ, ಅದೂ ಉತ್ತರವೇ.

ಮನೆಯವರೊಬ್ಬರು ನಡುವೆ ಬಾಯಿ ಹಾಕಿದರೆ, ‘ನಿಮ್ಮ ಅಭಿಪ್ರಾಯಕ್ಕೂ ಬೆಲೆಯಿದೆ, ಆದರೆ ಈ ಪಟ್ಟಿಯಲ್ಲಿ ಇವರ ಸರದಿ ಬಂದಿದೆ’ ಎಂದು ನಯವಾಗಿ ಹೇಳಿ. ಯಾರಿಗೆ ಮತ ಎಂಬಂತಹ ಪ್ರಶ್ನೆಗೆ ಉತ್ತರದಾತರೇ ಗುರುತು ಹಾಕಿ, ಮಡಚಿ, ಪೆಟ್ಟಿಗೆಗೆ ಹಾಕುವ ವ್ಯವಸ್ಥೆಯಿದ್ದರೆ ಇನ್ನೂ ಒಳ್ಳೆಯದು.

ಹೊರಡುವ ಮುನ್ನ ಅಲ್ಲಿಯೇ ನಿಂತು ಪ್ರಶ್ನಾವಳಿಯನ್ನು ತಿರುವಿ ನೋಡಿ, ಬಿಟ್ಟುಹೋದದ್ದನ್ನು ಕೇಳಿಕೊಳ್ಳಿ. ಮನೆಗೆ ಬಂದ ಮೇಲೆ ನೆನಪಿನಿಂದ ತುಂಬಬೇಡಿ. ಮರದ ನೆರಳಿನಲ್ಲಿ ಕುಳಿತು ತುಂಬಿದ ಪ್ರಶ್ನಾವಳಿಗಳು ಮೇಲ್ವಿಚಾರಕರ ಕಣ್ಣಿಗೆ ಬೀಳದೆ ಇರುವುದಿಲ್ಲ, ಏಕೆಂದರೆ ಅವುಗಳಲ್ಲಿ ಅನುಮಾನಕ್ಕೆಡೆಗೊಡುವಷ್ಟು ಅಚ್ಚುಕಟ್ಟುತನವಿರುತ್ತದೆ. ಉತ್ತರ ನಿರಾಕರಿಸಿದ ಮನೆಗಳನ್ನೂ ದಿನಾಂಕ, ಸಮಯದೊಂದಿಗೆ ದಾಖಲಿಸಿ ಒಪ್ಪಿಸಿ.