ಕಡಲ ದಂಡೆಯ ಮನೆಗೆ ಗಾಳಿಯಂತ್ರ: ಮೊದಲು ಜಾಗ, ಆಮೇಲೆ ಮೋಟರ್

ಗಾಳಿಯಿಂದ ಕರೆಂಟ್ ತೆಗೆಯುವ ಗಾಳಿಯಂತ್ರ ಮಾಡಬೇಕು ಅಂದವರೆಲ್ಲ ಮೊದಲು ಕೇಳುವುದು ಯಾವ ಮೋಟರ್, ರೆಕ್ಕೆ ಎಷ್ಟು ಉದ್ದ ಅಂತ. ಅದು ಆಮೇಲಿನ ಮಾತು. ನಿಮ್ಮ ಜಾಗದಲ್ಲಿ ಗಾಳಿ ಇದೆಯಾ, ಅದನ್ನು ನೋಡಿ. ಕಡಲು ಕಾಣಿಸಿದ ಮಾತ್ರಕ್ಕೆ ಗಾಳಿ ಸಿಗುವುದಿಲ್ಲ. ಕಾರವಾರದಿಂದ ಭಟ್ಕಳದವರೆಗೆ ದಂಡೆಯ ಮನೆ ಅಂದರೆ ಸುತ್ತ ತೆಂಗು, ಮುಂದೆ ಗಾಳಿಮರದ ಸಾಲು, ಅಲ್ವಾ? ಆ ಸಾಲೇ ಗಾಳಿಯನ್ನು ಅರ್ಧ ತಿಂದುಬಿಡುತ್ತದೆ.

ಉದ್ದದ ಬಿದಿರಿನ ಗಳದ ತುದಿಗೆ ಹಳೇ ಸೀರೆಯ ಎರಡು ಮೊಳ ಪಟ್ಟಿ ಕಟ್ಟಿ ನಿಲ್ಲಿಸಿ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದಲ್ಲ, ಆಗ ನೋಡಿ. ಪಟ್ಟಿ ಒಂದೇ ದಿಕ್ಕಿಗೆ ಚಾಚಿ ನಿಂತರೆ ಜಾಗ ಒಳ್ಳೆಯದು. ಸುತ್ತಿಕೊಂಡು ಮೇಲೆ ಕೆಳಗೆ ಒದ್ದಾಡಿದರೆ ಅಲ್ಲಿ ಬರೀ ಸುಳಿ, ಕರೆಂಟ್ ಬರುವುದಕ್ಕಿಂತ ಬೇರಿಂಗ್ ಸವೆಯುವುದೇ ಜಾಸ್ತಿ. 100 ಮೀಟರ್ ಒಳಗಿರುವ ಅತಿ ಎತ್ತರದ ಮರಕ್ಕಿಂತ 30 ಅಡಿ ಮೇಲೆ ರೆಕ್ಕೆಗಳ ಚಕ್ರ ಇರಬೇಕು. ತೆಂಗಿನ ತೋಟದ ನಡುವೆ ಇದು ಆಗದ ಮಾತು. ಅಳಿವೆಯ ಬಯಲು, ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಬದು, ಬೋಳು ಗುಡ್ಡದ ನೆತ್ತಿ ಇದ್ದರೆ ಆಗುತ್ತದೆ. ಶಿರಸಿ ಕಡೆಯ ಕಣಿವೆ ತೋಟದವರು ಗಾಳಿ ಬಿಟ್ಟು ಹಳ್ಳದ ನೀರಿಗೆ ಸಣ್ಣ ಟರ್ಬೈನ್ ಹಾಕುವುದೇ ಸರಿ. ಮಾಡಿನ ಮೇಲೆ ಮಾತ್ರ ಬೇಡ. ನಾನು ಮೊದಲ ಸಲ ಅಲ್ಲೇ ಕೂರಿಸಿದ್ದೆ. ರಾತ್ರಿಯಿಡೀ ಮಾಡಿನ ಮರದ ಪಕಾಸಿಗಳೆಲ್ಲ ಗುಂಯ್ ಎನ್ನುತ್ತಿದ್ದವು, ಹಂಚು ಜರುಗಿ ನಡುಮನೆಗೆ ಸೋರಿತು.

ಎಷ್ಟು ಸಿಗುತ್ತದೆ? ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎಂಟು ಪಟ್ಟಾಗುತ್ತದೆ. 2 ಮೀಟರ್ ಅಗಲದ ಚಕ್ರ ಸೆಕೆಂಡಿಗೆ 4 ಮೀಟರ್ ಗಾಳಿಯಲ್ಲಿ ಸುಮಾರು 30 ವ್ಯಾಟ್ ಕೊಟ್ಟರೆ 8 ಮೀಟರ್ ಗಾಳಿಯಲ್ಲಿ 240ರ ಹತ್ತಿರ ಹೋಗುತ್ತದೆ. ಫ್ರಿಜ್, ಪಂಪು ಓಡಿಸುವ ಆಸೆ ಬೇಡ. ಆದರೆ ಆಷಾಢದಲ್ಲಿ ವಾರಗಟ್ಟಲೆ ಬಿಸಿಲಿಲ್ಲದೆ ಸೋಲಾರ್ ಮಲಗಿ, ಲೈನ್ ಮೇಲೆ ಮರ ಬಿದ್ದು ಎರಡು ದಿನ ಕತ್ತಲಾದಾಗಲೂ ಗಾಳಿ ಬೀಸುತ್ತಲೇ ಇರುತ್ತದೆ. ಆಗ ನಾಲ್ಕು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜು, ಒಂದು ಡಿಸಿ ಫ್ಯಾನ್ ನಡೆದರೆ ಅದೇ ದೊಡ್ಡದು.

ಈಗ ಮೋಟರ್. ರೆಕ್ಕೆ ಅದನ್ನು ತಿರುಗಿಸಿದರೆ ಅದೇ ಕರೆಂಟ್ ಕೊಡುತ್ತದೆ. ಕಾರಿನ ಬ್ಯಾಟರಿ ತುಂಬುವ ಆಲ್ಟರ್ನೇಟರ್ ತರಬೇಡಿ, ಅದಕ್ಕೆ ನಿಮಿಷಕ್ಕೆ ಸಾವಿರದ ಮೇಲೆ ಸುತ್ತು ಬೇಕು. ನಮ್ಮ ಚಕ್ರ ಸಾಧಾರಣ ಗಾಳಿಗೆ ತಿರುಗುವುದು ನಿಮಿಷಕ್ಕೆ 240 ಸುತ್ತು. ಶಾಶ್ವತ ಮ್ಯಾಗ್ನೆಟ್ ಇರುವ ಮೋಟರ್ ಬೇಕು. ಕೆಟ್ಟ ಎಲೆಕ್ಟ್ರಿಕ್ ಸ್ಕೂಟರಿನ ಗಾಲಿಯೊಳಗೇ ಇರುವ ಹಬ್ ಮೋಟರ್ ಗುಜರಿಯಲ್ಲಿ ಸಿಕ್ಕರೆ ಬಿಡಬೇಡಿ. ಅದರ ಮೂರು ದಪ್ಪ ವೈರನ್ನು ಎಸಿಯನ್ನು ಡಿಸಿ ಮಾಡುವ ತ್ರೀ ಫೇಸ್ ರೆಕ್ಟಿಫೈಯರಿಗೆ ಕೊಟ್ಟು, ಕೈಯಿಂದ ಸೆಕೆಂಡಿಗೆ ಒಂದು ಸುತ್ತು ತಿರುಗಿಸಿ, ಮಲ್ಟಿಮೀಟರಿನಲ್ಲಿ ಡಿಸಿ ವೋಲ್ಟ್ ನೋಡಿ. 3.5 ವೋಲ್ಟ್ ಬಂದರೆ, ನಿಮಿಷಕ್ಕೆ 240 ಅಂದರೆ ಸೆಕೆಂಡಿಗೆ ನಾಲ್ಕು ಸುತ್ತಿಗೆ 14 ವೋಲ್ಟ್ ಆಯಿತು, 12 ವೋಲ್ಟಿನ ಬ್ಯಾಟರಿಗೆ ಸಾಕು.

ರೆಕ್ಕೆಗೆ 8 ಇಂಚಿನ ದಪ್ಪ ಪಿವಿಸಿ ಪೈಪ್, ಒಂದು ಮೀಟರ್ ಉದ್ದ. ಉದ್ದುದ್ದಕ್ಕೆ ನಾಲ್ಕು ಸೀಳು ಮಾಡಿ, ಮೂರು ಬಳಸಿ, ಒಂದು ಇಟ್ಟುಕೊಳ್ಳಿ. ಬುಡ ಆರು ಇಂಚು, ತುದಿ ಎರಡು ಇಂಚು ಬರುವ ಹಾಗೆ ಓರೆಯಾಗಿ ಕೊಯ್ಯಿರಿ. ಗಾಳಿ ಸೀಳುವ ಅಂಚನ್ನು ಅರದಿಂದ ಉಜ್ಜಿ ಗುಂಡಗೆ ಮಾಡಿ, ಹಿಂದಿನ ಅಂಚು ತೆಳ್ಳಗೆ. ಮೂರನ್ನೂ ತಕ್ಕಡಿಗೆ ಹಾಕಿ ತೂಕ ಸರಿ ಮಾಡಿ. ಆಮೇಲೆ ಸುಲಭವಾಗಿ ತಿರುಗುವ ಬೇರಿಂಗಿಗೆ ಸಿಕ್ಕಿಸಿ, ಬಾಗಿಲು ಹಾಕಿದ ಕೋಣೆಯಲ್ಲಿ ಮೆಲ್ಲಗೆ ತಿರುಗಿಸಿ ಬಿಡಿ. ಪ್ರತಿ ಸಲವೂ ಒಂದೇ ರೆಕ್ಕೆ ಕೆಳಗೆ ಬಂದು ನಿಂತರೆ ಅದು ಭಾರ, ಇನ್ನಷ್ಟು ಉಜ್ಜಿ. ಇದಕ್ಕೆ ಒಂದಿಡೀ ಸಂಜೆ ಹೋಗಲಿ, ಅವಸರ ಬೇಡ.

ಎಲ್ಲರೂ ಎಡವುವುದು ಬ್ಯಾಟರಿಗೆ ಹೋಗುವ ಕರೆಂಟನ್ನು ನೋಡಿಕೊಳ್ಳುವ ಕಂಟ್ರೋಲರಿನಲ್ಲಿ. ಬ್ಯಾಟರಿ ತುಂಬಿತೆಂದು ಸೋಲಾರ್ ಪ್ಯಾನಲನ್ನು ಕಡಿದು ಹಾಕಿದರೆ ಏನೂ ಆಗದು. ಗಾಳಿಯಂತ್ರವನ್ನು ಹಾಗೆ ಕಡಿದರೆ ಹಿಡಿತ ತಪ್ಪಿ ಹುಚ್ಚಾಪಟ್ಟೆ ತಿರುಗಿ ರೆಕ್ಕೆ ಹಾರುತ್ತದೆ. ಜಾಸ್ತಿ ಕರೆಂಟನ್ನು ಹೀಟರ್ ಕಾಯಿಲಿಗೆ ತಿರುಗಿಸುವ, ಗಾಳಿಯಂತ್ರಕ್ಕೆಂದೇ ಮಾಡಿದ ಕಂಟ್ರೋಲರ್ ಬೇಕೇ ಬೇಕು. ಬ್ಯಾಟರಿ ಹತ್ತಿರ ಒಂದು ಫ್ಯೂಸ್. ಜೋರು ಗಾಳಿಗೆ ಚಕ್ರ ತಾನೇ ಮಗ್ಗುಲಾಗುವ ಹಾಗೆ ಅದನ್ನು ಗಾಳಿಗೆ ಎದುರಾಗಿ ನಿಲ್ಲಿಸುವ ಹಿಂದಿನ ಬಾಲವನ್ನು ಕೀಲಿನ ಮೇಲೆ ಕೂರಿಸಿ. ಮೋಟರಿನ ಮೂರು ವೈರನ್ನು ಒಟ್ಟಿಗೆ ಶಾರ್ಟ್ ಮಾಡುವ ಸ್ವಿಚ್ಚೂ ಇರಲಿ, ಅದೇ ಬ್ರೇಕು. ಗಾಳಿ ಕಡಿಮೆ ಇದ್ದಾಗಲೇ ಹಾಕಬೇಕು.

ಕಂಬಕ್ಕೆ ಜಿಐ ಪೈಪು, ನಾಲ್ಕು ಕಡೆ ಉಕ್ಕಿನ ತಂತಿ, ಬುಡಕ್ಕೆ ಕೀಲು. ಹೊಯಿಗೆ ನೆಲದಲ್ಲಿ ಬರೀ ಗೂಟ ನಿಲ್ಲುವುದಿಲ್ಲ, ಕಾಂಕ್ರೀಟ್ ಹುಗಿಯಬೇಕು. ಕಂಬಕ್ಕೆ ಅರ್ಥಿಂಗ್ ಮರೆಯಬೇಡಿ, ನಮ್ಮಲ್ಲಿ ಸಿಡಿಲು ಜಾಸ್ತಿ. ನಟ್ಟು ಬೋಲ್ಟು ಸ್ಟೇನ್‌ಲೆಸ್ ಇರಲಿ, ಬೇರೆಯದನ್ನು ಉಪ್ಪುಗಾಳಿ ಒಂದೇ ಮಳೆಗಾಲದಲ್ಲಿ ತಿನ್ನುತ್ತದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಿತ್ತಲ್ಲ, ಅಂಥ ಚಂಡಮಾರುತದ ಸುದ್ದಿ ಕೇಳಿದ ಕೂಡಲೇ ಬ್ರೇಕ್ ಹಾಕಿ, ಇಬ್ಬರು ಮೂವರು ಸೇರಿ ಕಂಬ ಮಲಗಿಸಿ, ರೆಕ್ಕೆ ಬಿಚ್ಚಿ ಒಳಗಿಡಿ.