ಆರರ ತನಕ ಎಣಿಸಿ, ಆಮೇಲೆ ಒತ್ತಿ

ಉಸಿರು ಸೋತವರಿಗೆ ಕೈಯಿಂದ ಒತ್ತಿ ಗಾಳಿ ಕೊಡುವ ಆಂಬು ಬ್ಯಾಗ್ ಮೊದಲ ಸಲ ಕೈಗೆ ಸಿಕ್ಕಾಗ ಎಮ್ಮೆ ಹಿಂಡುವವನ ಹಾಗೆ ಹಿಂಡಿದ್ದೆ. ರಾತ್ರಿ ಪಾಳಿ. ವಿಜಯಪುರದ ಒಂದು ಆಸ್ಪತ್ರೆಯ ಕ್ಯಾಜುವಲ್ಟಿಗೆ ಸೇರಿ ಇನ್ನೂ ಮೂರು ವಾರ ಆಗಿರಲಿಲ್ಲ. ದ್ರಾಕ್ಷಿ ತೋಟಕ್ಕೆ ಹೊಡೆಯುವ ಎಣ್ಣಿ ಹೊಟ್ಟೆಗೆ ಹೋಗಿದ್ದ ಒಬ್ಬರನ್ನು ಟಂಟಂನಲ್ಲಿ ಹಾಕಿಕೊಂಡು ಬಂದಿದ್ದರು. ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಅಂತಲೇ ಹೆಸರು. ಬಾಯಿ ತುಂಬ ನೊರೆ, ಕಣ್ಣಿನ ಪಾಪೆ ಸೂಜಿ ಮೊನೆಯಷ್ಟು, ಗಂಟಲಲ್ಲಿ ಗೊರಗೊರ. ಡಾಕ್ಟರು ಆ ವಿಷಕ್ಕೆ ಕೊಡುವ ಅಟ್ರೋಪಿನ್ ಇಂಜೆಕ್ಷನ್ ಒಂದರ ಮೇಲೊಂದು ಹೇಳುತ್ತಿದ್ದರು. ಬ್ಯಾಗ್ ನನ್ನ ಪಾಲಿಗೆ ಬಂತು.

ಎಷ್ಟು ಜೋರಾಗಿ ಆಗುತ್ತದೋ ಅಷ್ಟು ಒತ್ತಿದೆ. ಜಾಸ್ತಿ ಗಾಳಿ ಹೋದರೆ ಒಳ್ಳೆಯದೇ ಅಲ್ವಾ, ಅದು ನನ್ನ ಲೆಕ್ಕ. ಎರಡು ನಿಮಿಷದಲ್ಲಿ ಎದೆ ಏಳುವ ಬದಲು ಹೊಟ್ಟೆ ಉಬ್ಬತೊಡಗಿತು. ಆಮೇಲೆ ವಾಂತಿ. ಅದೂ ಮಾಸ್ಕಿನ ಒಳಗೇ.

ಹಿರಿಯ ಸಿಸ್ಟರ್ ಒಬ್ಬರು ನನ್ನನ್ನು ಭುಜದಿಂದ ಪಕ್ಕಕ್ಕೆ ತಳ್ಳಿದರು. ರೋಗಿಯನ್ನು ಮಗ್ಗುಲಿಗೆ ಹೊರಳಿಸಿ, ಬಾಯಲ್ಲಿದ್ದದ್ದನ್ನು ಎಳೆದು ತೆಗೆಯುವ ಸಕ್ಷನ್ ಪೈಪ್ ಹಾಕಿದರು. ಹತ್ತು ಸೆಕೆಂಡು ಎಳೆದರು, ನಿಲ್ಲಿಸಿದರು, ಆಕ್ಸಿಜನ್ ಕೊಟ್ಟರು, ಮತ್ತೆ ಎಳೆದರು. ಕೈ ಕೆಲಸ ಮಾಡುತ್ತಿದ್ದಂತೆಯೇ ನನಗೆ ಹೇಳಿದರು: "ಏನೋ ತಮ್ಮಾ, ಸೈಕಲ್ ಟ್ಯೂಬಿಗಿ ಗಾಳಿ ಹೊಡ್ಯಾಕತ್ತೀ ಏನ? ನಿಧಾನ ಒತ್ತು. ಎದಿ ಎದ್ದರ ಸಾಕು, ಬಿಟ್ಟಬಿಡು. ಆರರ ತನಕ ಎಣಿಸು, ಆಮ್ಯಾಲ ಮತ್ತ ಒತ್ತು."

ಆ ಮನುಷ್ಯ ಬದುಕಿದರು. ಅದರಲ್ಲಿ ನನ್ನ ಪಾಲು ಏನೂ ಇಲ್ಲ.

ದೊಡ್ಡವರ ಬ್ಯಾಗಿನಲ್ಲಿ ಸುಮಾರು ಒಂದೂವರೆ ಲೀಟರ್ ಗಾಳಿ ಹಿಡಿಯುತ್ತದೆ. ಒಂದು ಉಸಿರಿಗೆ ಬೇಕಾಗಿದ್ದು ಅರ್ಧ ಲೀಟರ್ ಮಾತ್ರ. ಪೂರ್ತಿ ಹಿಂಡಿದರೆ ಉಳಿದದ್ದು ಅನ್ನನಾಳದ ದಾರಿ ಹಿಡಿಯುತ್ತದೆ. ಹೊಟ್ಟೆ ಉಬ್ಬಿ, ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಮೇಲಕ್ಕೆ ತಳ್ಳುತ್ತದೆ, ಪುಪ್ಪುಸಕ್ಕೆ ಜಾಗ ಕಡಿಮೆ ಆಗುತ್ತದೆ. ಆಗ ಇನ್ನೂ ಜೋರಾಗಿ ಒತ್ತಬೇಕು ಅನ್ನಿಸುತ್ತದೆ, ಹೊಟ್ಟೆ ಇನ್ನೂ ಉಬ್ಬುತ್ತದೆ. ಆರು ಸೆಕೆಂಡಿಗೆ ಒಂದು ಅಂದರೆ ನಿಮಿಷಕ್ಕೆ ಹತ್ತು. ಕೇಳಲು ತುಂಬಾ ಕಡಿಮೆ ಅನ್ನಿಸುತ್ತದೆ. ಸುತ್ತ ಹತ್ತು ಜನ ಕೂಗುವಾಗ ಆರು ಸೆಕೆಂಡು ಸುಮ್ನೆ ಇರುವುದು ಎಷ್ಟು ಕಷ್ಟ ಅಂತ ಮಾಡಿ ನೋಡಿದವರಿಗೇ ಗೊತ್ತು. ಅದಕ್ಕೇ ನಾನು ಬಾಯಿ ಬಿಟ್ಟು ಎಣಿಸುತ್ತೇನೆ. ಹೊಸ ಹುಡುಗರು ನಗುತ್ತಾರೆ, ನಗಲಿ.

1952ರಲ್ಲಿ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಬಂದಾಗ ಉಸಿರು ನಿಂತ ಮಕ್ಕಳಿಗೆ ಮೆಡಿಕಲ್ ವಿದ್ಯಾರ್ಥಿಗಳು ಪಾಳಿ ಹಚ್ಚಿಕೊಂಡು ವಾರಗಟ್ಟಲೆ ಕೈಯಿಂದ ಬ್ಯಾಗ್ ಒತ್ತಿದ್ದರಂತೆ. ಇವತ್ತಿನ ಐಸಿಯು ಹುಟ್ಟಿದ್ದೇ ಅಲ್ಲಿ ಅನ್ನುತ್ತಾರೆ. ತಾನಾಗಿ ಉಬ್ಬಿಕೊಳ್ಳುವ ನಮ್ಮ ಈ ಬ್ಯಾಗ್ ಬಂದಿದ್ದು 1956ರಲ್ಲಿ, ಅದೂ ಡೆನ್ಮಾರ್ಕಿನಿಂದಲೇ. ಕೈ ಸೋತಾಗೆಲ್ಲ ಆ ಹುಡುಗರು ನೆನಪಾಗುತ್ತಾರೆ.

ಒತ್ತುವುದಕ್ಕಿಂತ ಮಾಸ್ಕ್ ಹಿಡಿಯುವುದು ಕಷ್ಟ. ಇದನ್ನು ಒಪ್ಪಿಕೊಳ್ಳಲು ನನಗೆ ಎರಡು ವರ್ಷ ಬೇಕಾಯಿತು. ಹೆಬ್ಬೆರಳು ಮತ್ತು ತೋರುಬೆರಳು ಮಾಸ್ಕಿನ ಮೇಲೆ, ಉಳಿದ ಮೂರು ಬೆರಳು ದವಡೆಯ ಎಲುಬಿನ ಕೆಳಗೆ. ಎಲ್ಲರೂ ಮಾಡುವ ತಪ್ಪು ಅಂದರೆ ಮಾಸ್ಕನ್ನು ಮುಖಕ್ಕೆ ಅದುಮುವುದು. ಅದುಮಿದರೆ ಗದ್ದ ಕೆಳಗೆ ಹೋಗಿ ನಾಲಿಗೆ ಹಿಂದಕ್ಕೆ ಬಿದ್ದು ದಾರಿಯೇ ಮುಚ್ಚುತ್ತದೆ. ಮುಖವನ್ನು ಎತ್ತಿ ಮಾಸ್ಕಿಗೆ ತರಬೇಕು. ಬೆರಳು ಎಲುಬಿನ ಮೇಲೇ ಇರಬೇಕು, ಗಂಟಲಿನ ಮೆತ್ತನೆ ಭಾಗ ಒತ್ತಬಾರದು. ಕಬ್ಬಿನ ಟ್ರ್ಯಾಕ್ಟರ್ ಅಪಘಾತದ ಕೇಸ್ ಆದರೆ ಕುತ್ತಿಗೆ ಹಿಂದಕ್ಕೆ ಬಾಗಿಸದೆ ದವಡೆ ಮಾತ್ರ ಮುಂದಕ್ಕೆ ಎತ್ತುವುದು.

ಈಗ ಇನ್ನೊಬ್ಬರು ಸಿಕ್ಕರೆ ನಾನು ಒಬ್ಬನೇ ಮಾಡುವುದೇ ಇಲ್ಲ. ನಾನು ಎರಡೂ ಕೈಯಿಂದ ಮಾಸ್ಕ್ ಹಿಡಿಯುತ್ತೇನೆ, ಅವರು ಒತ್ತುತ್ತಾರೆ. ಅನುಭವ ಇದ್ದವರು ಮಾಸ್ಕ್ ಹಿಡಿಯಬೇಕು, ಹೊಸಬರು ಬ್ಯಾಗ್ ಒತ್ತಬೇಕು. ನಮ್ಮಲ್ಲಿ ಬಹಳ ಕಡೆ ಇದು ಉಲ್ಟಾ ನಡೆಯುತ್ತದೆ.

ನಮ್ಮ ಕಡೆಯ ಹಿರಿಯರ ಮೀಸೆ ಬೇರೆ. ದಪ್ಪ ಮೀಸೆ ಇದ್ದರೆ ಎಷ್ಟು ಹಿಡಿದರೂ ಗಾಳಿ ಸೋರುತ್ತದೆ. ಮೀಸೆಗೆ ಆಸ್ಪತ್ರೆಯಲ್ಲಿ ಬಳಸುವ ಜಾರು ಜೆಲ್ಲಿ ಬಳಿಯಿರಿ, ಕೂದಲು ಚಪ್ಪಟೆ ಆಗಿ ಮಾಸ್ಕ್ ಕೂರುತ್ತದೆ. ಹಲ್ಲಿಲ್ಲದ ಅಜ್ಜ ಅಜ್ಜಿಯರ ಕೆನ್ನೆ ಒಳಗೆ ಹೋಗಿರುತ್ತದೆ, ಅಲ್ಲಿಂದಲೂ ಸೋರುತ್ತದೆ. ಕಟ್ಟಿಸಿದ ಹಲ್ಲು ಗಟ್ಟಿಯಾಗಿ ಕೂತಿದ್ದರೆ ಬ್ಯಾಗ್ ಒತ್ತುವಾಗ ಬಾಯಲ್ಲೇ ಇರಲಿ, ಶ್ವಾಸನಾಳಕ್ಕೆ ಟ್ಯೂಬ್ ಹಾಕುವಾಗ ತೆಗೆದರಾಯಿತು. ಒಮ್ಮೆ ಗಡಿಬಿಡಿಯಲ್ಲಿ ಹಲ್ಲಿನ ಸೆಟ್ ತೆಗೆದು ಎಲ್ಲೋ ಇಟ್ಟುಬಿಟ್ಟಿದ್ದೆ. ಅಜ್ಜ ಗುಣ ಆದ ಮೇಲೆ ಮೊದಲು ಕೇಳಿದ್ದೇ ಅದನ್ನು.

ಪಾಳಿ ಶುರುವಾದ ಕೂಡಲೇ ನಾನು ನೋಡುವುದು ನಾಲ್ಕೇ: ಬ್ಯಾಗಿನ ಮಾಸ್ಕ್, ಸಕ್ಷನ್, ಟ್ಯೂಬ್ ಹಾಕುವಾಗ ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪಿನ ಲೈಟ್, ಆಕ್ಸಿಜನ್ ಸಿಲಿಂಡರಿನ ಮೀಟರಿನ ಮುಳ್ಳು. ಹಿಂದೆ ಕೆಲಸ ಮಾಡಿದ ಒಂದು ಕಡೆ ಸಕ್ಷನ್ ಮಷೀನ್ ಚೆನ್ನಾಗಿ ಸದ್ದು ಮಾಡುತ್ತಿತ್ತು, ಎಳೆಯುತ್ತಿರಲಿಲ್ಲ. ಜಾರಿನ ಮುಚ್ಚಳ ಸಡಿಲ. ರೋಗಿ ಬಂದ ಮೇಲೆ ಗೊತ್ತಾಯಿತು. ಸದ್ದು ಕೇಳಿದರೆ ಸಾಲದು, ಪೈಪಿನ ತುದಿಗೆ ಬೆರಳು ಹಚ್ಚಿ ನೋಡಬೇಕು.

ಇನ್ನು ಸ್ಯಾಚುರೇಶನ್ ವಿಷಯ, ಅಂದರೆ ರಕ್ತದಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಬೆರಳಿನ ಕ್ಲಿಪ್ ತೋರಿಸುವ ನಂಬರ್. ಕೋವಿಡ್ ಆದ ಮೇಲೆ ಮನೆಮನೆಯವರಿಗೂ ಆ ನಂಬರ್ ಗೊತ್ತು. "97 ಐತಿ, ಆರಾಮ ಅದಾನ" ಅಂತ ಸಂಬಂಧಿಕರೇ ಹೇಳುತ್ತಾರೆ. ಆಕ್ಸಿಜನ್ ಹಚ್ಚಿದ ರೋಗಿಯಲ್ಲಿ ಉಸಿರು ಸೋಲುತ್ತಿದ್ದರೂ ಆ ನಂಬರ್ ಸುಮಾರು ಹೊತ್ತು ಚೆನ್ನಾಗಿಯೇ ಇರುತ್ತದೆ. ಒಳಗೆ ಇಂಗಾಲದ ಡೈಆಕ್ಸೈಡ್ ಏರುವುದನ್ನು ಬೆರಳಿನ ಕ್ಲಿಪ್ ತೋರಿಸುವುದಿಲ್ಲ. ಉಸಿರನ್ನು ಒಂದು ಪೂರ್ತಿ ನಿಮಿಷ ಎಣಿಸಬೇಕು. ನಿಜ ಹೇಳಬೇಕೆಂದರೆ, ಎಷ್ಟೋ ಚಾರ್ಟುಗಳಲ್ಲಿ ಎಲ್ಲ ರೋಗಿಗಳಿಗೂ 20 ಅಂತಲೇ ಬರೆದಿರುತ್ತದೆ. ನಾನೂ ಬರೆದಿದ್ದೇನೆ. ದಮ್ಮಿನ ರೋಗಿ ಒದ್ದಾಡುತ್ತಾ ಸುಯ್ ಸುಯ್ ಅನ್ನುತ್ತಿದ್ದರೆ ನನಗೆ ಅಷ್ಟು ಭಯ ಇಲ್ಲ. ಅವರು ದಣಿದು ಸುಮ್ಮನಾದರೆ, ಎದೆಯಲ್ಲಿ ಸದ್ದೇ ಇಲ್ಲದಿದ್ದರೆ, ಆಗ ಓಡುತ್ತೇನೆ.

ಎಣಿಸುವುದರ ಬೆಲೆ ಪೂರ್ತಿ ಗೊತ್ತಾಗಿದ್ದು ಕಟ್ಟುಹಾವಿನ ಕೇಸಿನಲ್ಲಿ. ಆಗ ನಾನು ಸಿಂದಗಿ ಕಡೆ ಒಂದು ಸಣ್ಣ ಆಸ್ಪತ್ರೆಯಲ್ಲಿದ್ದೆ. ಮಳೆಗಾಲ. ನೆಲದ ಮೇಲೆ ಮಲಗಿದ್ದ ರೈತರೊಬ್ಬರಿಗೆ ಬೆಳಗಿನ ಜಾವ ಹೊಟ್ಟೆನೋವು. ಕಚ್ಚಿದ ಗುರುತು ಹುಡುಕಿದರೂ ಸರಿಯಾಗಿ ಕಾಣಲಿಲ್ಲ. ಕಟ್ಟುಹಾವು ಕಚ್ಚಿದ್ದು ಬಹಳ ಸಲ ನಿದ್ದೆಯಲ್ಲಿ ಗೊತ್ತಾಗುವುದೇ ಇಲ್ಲ. ಕಣ್ಣಿನ ರೆಪ್ಪೆ ಇಳಿಯುತ್ತಿತ್ತು. ಮನೆಯವರು "ರಾತ್ರಿಯೆಲ್ಲಾ ನಿದ್ದಿ ಇಲ್ರೀ, ಅದಕ್ಕ" ಅಂದರು. ಸ್ಯಾಚುರೇಶನ್ 97.

"ಯಜಮಾನ್ರ, ಒಂದ ಉಸಿರಿನ್ಯಾಗ ಎಷ್ಟು ಆಗತೈತಿ ಅಷ್ಟು ಎಣಸ್ರಿ" ಅಂದೆ. 28ರ ತನಕ ಹೋದರು. ಅರ್ಧ ಗಂಟೆ ಬಿಟ್ಟು ಕೇಳಿದೆ, 17. ದಿಂಬಿನಿಂದ ತಲೆ ಎತ್ತಿ ಅಂದರೆ ಎತ್ತಲಾಗಲಿಲ್ಲ. ಮತ್ತೆ ಕೇಳಿದಾಗ 11ಕ್ಕೆ ನಿಂತರು. ನಂಬರ್ ಇನ್ನೂ 96. ಡಾಕ್ಟರಿಗೆ ಮೂರೂ ಎಣಿಕೆ ಹೇಳಿದೆ. ವಿಷಕ್ಕೆ ಕೊಡುವ ಇಂಜೆಕ್ಷನ್ ಆಗಲೇ ಶುರುವಾಗಿತ್ತು. ಉಸಿರು ನಿಲ್ಲುವ ತನಕ ಕಾಯದೆ ಅವರು ಟ್ಯೂಬ್ ಹಾಕಿದರು. ಟ್ಯೂಬ್ ಸರಿಯಾದ ಜಾಗಕ್ಕೆ ಹೋಗಿದೆಯಾ ಅಂತ ನಾನು ಸ್ಟೆತೊಸ್ಕೋಪ್ ಇಟ್ಟು ಮೊದಲು ಹೊಟ್ಟೆಯ ಮೇಲೆ, ಆಮೇಲೆ ಎದೆಯ ಎರಡೂ ಕಡೆ ಸದ್ದು ಕೇಳಿದೆ. ಹಲ್ಲಿನ ಹತ್ತಿರ ಟ್ಯೂಬಿನ ಮೇಲಿನ 22 ಸೆಂಟಿಮೀಟರ್ ಗುರುತು. ಅದನ್ನು ಕೈ ಮೇಲೆ ಪೆನ್ನಿನಿಂದ ಬರೆದುಕೊಂಡೆ.

ವೆಂಟಿಲೇಟರ್ ಇರಲಿಲ್ಲ. ವಿಜಯಪುರಕ್ಕೆ ಸುಮಾರು 60 ಕಿಲೋಮೀಟರ್. ಆಂಬುಲೆನ್ಸಿನಲ್ಲಿ ಸಣ್ಣ ಸಿಲಿಂಡರ್ ಒಂದೇ. ತುಂಬಿದ್ದರೆ 1,500 ಲೀಟರ್. ಮುಳ್ಳು ಅರ್ಧಕ್ಕಿತ್ತು, ಅಂದರೆ 750. ನಿಮಿಷಕ್ಕೆ 10 ಲೀಟರ್ ಬಿಟ್ಟರೆ 75 ನಿಮಿಷ. ದಾರಿಯೂ ಹೆಚ್ಚುಕಡಿಮೆ ಅಷ್ಟೇ. "ಸಾಕಾಗತೈತಿ ಬರ್ರಿ ಬ್ರದರ್" ಅಂದರು ಡ್ರೈವರಣ್ಣ. ಇನ್ನೊಂದು ಸಿಲಿಂಡರ್ ಹಾಕುವ ತನಕ ನಾನು ಹತ್ತಲಿಲ್ಲ. ಈ ರೋಗಿಯ ಪುಪ್ಪುಸ ಚೆನ್ನಾಗಿಯೇ ಇತ್ತು, ಸೋತಿದ್ದು ಉಸಿರಾಡಿಸುವ ಸ್ನಾಯು. ಆಕ್ಸಿಜನ್ ಮುಗಿದರೂ ಬರೀ ಗಾಳಿಯಿಂದ ಸ್ವಲ್ಪ ಹೊತ್ತು ನಡೆಯುತ್ತಿತ್ತು. ಕೈ ಮಾತ್ರ ನಿಲ್ಲುವಂತಿರಲಿಲ್ಲ.

ಗಂಟೆಗೆ 600 ಸಲ ಒತ್ತಬೇಕು. ಒಂದು ಕೈ ಬ್ಯಾಗಿನ ಮೇಲೆ, ಇನ್ನೊಂದು ಕೈ ತುಟಿಯ ಹತ್ತಿರ ಟ್ಯೂಬಿನ ಮೇಲೆ. ಪ್ರತಿ ಹಂಪ್ ದಾಟಿದ ಮೇಲೆ 22 ಇದೆಯಾ ಅಂತ ನೋಡುವುದು. ಗದ್ದ ಕೆಳಗಾದರೆ ಟ್ಯೂಬ್ ಒಳಗೆ ಇಳಿದು ಬಲಗಡೆಯ ಪುಪ್ಪುಸಕ್ಕೆ ಮಾತ್ರ ಗಾಳಿ ಹೋಗುತ್ತದೆ, ತಲೆ ಹಿಂದಾದರೆ ಹೊರಗೆ ಬರಬಹುದು. ಪಾಪೆ ದೊಡ್ಡದಾಗಿ ಬೆಳಕಿಗೂ ಕುಗ್ಗುತ್ತಿರಲಿಲ್ಲ. ಜೊತೆಗಿದ್ದ ಅವರ ತಮ್ಮ ಟಾರ್ಚ್ ನೋಡಿ ಅಳತೊಡಗಿದ. ಕಟ್ಟುಹಾವಿನ ವಿಷಕ್ಕೆ ಪಾಪೆಯೂ ಹಾಗಾಗುತ್ತದೆ, ಹೋಗಿಬಿಟ್ಟರು ಅಂತ ಅರ್ಥ ಅಲ್ಲ ಅಂದೆ. ಆಮೇಲೆ ದಾರಿಯುದ್ದಕ್ಕೂ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಐದು, ಆರು.

ಒಂದು ತಿಂಗಳು ಬಿಟ್ಟು ಅವರು ನಮ್ಮ ಆಸ್ಪತ್ರೆಗೆ ನಡೆದುಕೊಂಡೇ ಬಂದರು. ಕೇಸ್ ಶೀಟಿನ ಝೆರಾಕ್ಸ್ ಬೇಕಾಗಿತ್ತು. ನನ್ನ ಮುಖ ಗುರುತು ಹತ್ತಲಿಲ್ಲ. ಮಾತಾಡಿದ ಕೂಡಲೇ ಧ್ವನಿ ಹಿಡಿದರು. ಟ್ಯೂಬ್ ಹಾಕುವಾಗ ಕೊಟ್ಟಿದ್ದ ನಿದ್ದೆಯ ಔಷಧದ ಮಂಪರು ದಾರಿಯಲ್ಲೇ ಇಳಿದಿರಬೇಕು. ಕಣ್ಣು ಬಿಡಲಾಗದೆ, ಬೆರಳು ಅಲುಗಿಸಲಾಗದೆ ಅವರು ಎಲ್ಲ ಕೇಳಿಸಿಕೊಂಡಿದ್ದರು.

"ನೀವು ಎಣಸೂದು ಕೇಳತಿತ್ರೀ" ಅಂದರು. "ದೇವರ ಹಿಪ್ಪರಗಿ ದಾಟಿದ ಮ್ಯಾಲ ಒಂದ ಸಲ ನಾಕು ಆದ ಮ್ಯಾಲ ಸೀದಾ ಆರಕ್ಕ ಹಾರಿದ್ರಿ. ಅಂಜಿದ್ನ್ಯಾ ನೋಡ್ರಿ."